ಚೀಲದ ಮೂಲೆ

2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಗಳ ನಿಷೇಧವಾದಾಗ, ನಮ್ಮ ಉಲ್ಹಾಸನಗರದಲ್ಲಿ ಅಗ್ಗಕ್ಕೆ ಸಿಗುವ ಜೀನ್ಸ್ ತುಂಡುಗಳನ್ನು ತಂದು ಚೀಲ ಹೊಲಿಯಲು ಕುಳಿತೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳಿಗೆ ಒಂದು ಚೀಲ ಬಾರದೇ ಎಂಬ ಜಂಭ ಬೇರೆ! ಮಗುಚಿ ನೋಡಿದರೆ ಮೂಲೆಗಳು ಹುಣಸೆಹಣ್ಣಿನ ಉಂಡೆಯಂತೆ.

ಪಕ್ಕದ ಮನೆಯ ಸಿಂಧಿ ಆಂಟಿ ನಕ್ಕುಬಿಟ್ಟರು. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಮೆಷಿನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸಬೇಕಂತೆ. ದಪ್ಪ ಬಟ್ಟೆಯಾದರೆ ತುದಿಯಲ್ಲಿ ಒಂದೇ ಒಂದು ಹೊಲಿಗೆ ಓರೆಯಾಗಿ. ಆಗಲೇ ಮೂಲೆ ಚೂಪಾಗಿ ಕಾಣುವುದು. ಮಗುಚುವ ಮೊದಲು ಹೆಚ್ಚಿನ ಅಂಚನ್ನೂ ಓರೆಯಾಗಿ ಕತ್ತರಿಸಬೇಕು. ದುಂಡು ತಳಕ್ಕಾದರೆ ಅಂಚಿಗೆ ಅಲ್ಲಲ್ಲಿ 'ವಿ' ಆಕಾರದ ಕಚ್ಚು. ಹೊಲಿಗೆಗೆ ಮಾತ್ರ ಕತ್ತರಿ ತಾಗಬಾರದು. ನನ್ನದು ತಾಗಿತ್ತು, ಈರುಳ್ಳಿಯೆಲ್ಲ ಮೆಟ್ಟಿಲ ಮೇಲೆ ಉರುಳಿತು.

ಇಷ್ಟು ಚೊಕ್ಕಟವಾಗಿ ಎಲ್ಲಿ ಕಲಿತಿರಿ ಎಂದು ಕೇಳಿದೆ. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯೊಂದಕ್ಕೆ ಪೀಸಿನ ಲೆಕ್ಕದಲ್ಲಿ ಜೇಬು ಹೊಲಿಯುತ್ತಿದ್ದರಂತೆ. ಮೂಲೆ ಕೆಟ್ಟರೆ ಆ ಪೀಸಿಗೆ ದುಡ್ಡಿಲ್ಲ. ಬಿಚ್ಚಿ ಮತ್ತೆ ಹೊಲಿಯುವಷ್ಟರಲ್ಲಿ ಮಕ್ಕಳು ಉಣ್ಣದೆ ಮಲಗಿಬಿಡುತ್ತಿದ್ದರಂತೆ.

ಈಗ ಆಂಟಿಗೆ ಕಣ್ಣು ಮಂಜು. ನಾನು ಒಯ್ದ ಚೀಲದೊಳಗೆ ಬೆರಳು ಹಾಕಿ ಮೂಲೆ ಮುಟ್ಟಿ ನೋಡುತ್ತಾರೆ. "ಪಾಸ್" ಎಂದರೆ ಸರಿ. ಸುಮ್ಮನಿದ್ದರೆ ಮನೆಗೆ ತಂದು ಬಿಚ್ಚುತ್ತೇನೆ.