ಏಳು ಮೀನಲ್ಲ, ಒಂದು ಜೋಡಿ

ಉಪ್ಪುನೀರಿನ ಅಕ್ವೇರಿಯಂ ಅಂದ್ರೆ ಎಲ್ಲರಿಗೂ ಒಟ್ಟಾಗಿ ಈಜೋ ಮೀನಿನ ಹಿಂಡೇ ಬೇಕು. ನಮಗೂ ಬೇಕಿತ್ತು. ಅಂಗಡಿಯವರು ಹಸಿರು ಕ್ರೋಮಿಸ್ ತೋರಿಸಿ, “ಏಳೆಂಟು ತಗೊಳ್ಳಿ ಸರ್, ಗುಂಪಾಗೇ ಇರ್ತವೆ” ಅಂದ್ರು.

ದುಡ್ಡು ಕೊಡೋ ಮೊದಲು ಸ್ವಲ್ಪ ಓದಿದೆ. ಸಮುದ್ರದಲ್ಲಿ ಇವು ಗುಂಪು ಕಟ್ಟೋದು ಸ್ನೇಹಕ್ಕಲ್ಲ, ಜೀವಭಯಕ್ಕೆ. ತಿನ್ನೋಕೆ ಬರೋ ದೊಡ್ಡ ಮೀನೇ ಇಲ್ಲದ ಗಾಜಿನ ತೊಟ್ಟಿಯಲ್ಲಿ ಭಯ ಹೋಗುತ್ತೆ, ಹಿಂಡು ಚದುರುತ್ತೆ, ಯಾರು ಮೇಲು ಅನ್ನೋ ಜಗಳ ಶುರುವಾಗುತ್ತೆ. ಓಡಿಹೋಗೋಕೆ ಜಾಗ ಸಾಲದೆ ಸಣ್ಣವು ಒಂದೊಂದಾಗಿ ಸಾಯ್ತವೆ. ಏಳಿದ್ದದ್ದು ಕೊನೆಗೆ ಎರಡೋ ಮೂರೋ ಆಗೋದು ಮಾಮೂಲು.

ನಾವು ತಂದಿದ್ದು ಬಂಗಾಯ್ ಕಾರ್ಡಿನಲ್, ಅದೂ ಒಂದೇ ಜೋಡಿ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಈ ಮೀನು, ಅಕ್ವೇರಿಯಂಗೆಂದು ಹಿಡಿದೂ ಹಿಡಿದೂ 2007ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಅದಕ್ಕೇ ತೊಟ್ಟಿಯಲ್ಲೇ ಹುಟ್ಟಿದ್ದನ್ನು ಕೇಳಿ ತಂದೆವು. ಇದರಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಉಪವಾಸವಿದ್ದು ಮರಿ ಮಾಡುತ್ತೆ. “ಎರಡೇನಾ?” ಅಂತಿದ್ದ ನನ್ನಾಕೆ ಈಗ ತೊಟ್ಟಿ ಮುಂದಿಂದ ಏಳೋದೇ ಇಲ್ಲ.

ಹಿಂಡೇ ನೋಡ್ಬೇಕಾ? ಮುರುಡೇಶ್ವರದಲ್ಲಿ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಿರಿ. ಅಲ್ಲಿ ಗುಂಪಾಗಿರೋಕೆ ಮೀನಿಗೆ ಕಾರಣ ಇದೆ.