ಒಂದು ಲಕ್ಷದೊಳಗೆ ಒಂದು ಸ್ಪೋರ್ಟ್ಸ್ ಬೈಕ್

ನಮ್ಮ ಹಾಸ್ಟೆಲ್‌ನಲ್ಲಿ ಬೈಕ್ ಬಗ್ಗೆ ಅಭಿಪ್ರಾಯ ಇಲ್ಲದವರು ಯಾರೂ ಇಲ್ಲ. ಬೈಕ್ ಇರೋರು ಮಾತ್ರ ಕಡಿಮೆ. ನಮ್ಮ ರೂಮಿನ ಮೂವರಲ್ಲಿ ಆ ಕಡಿಮೆ ಜನರ ಲಿಸ್ಟಿಗೆ ಸೇರೋ ಅವಕಾಶ ಮೊದಲು ಬಂದಿದ್ದು ಹಾಸನದವನಿಗೆ. ಊರಿನ ಹೆಸರಲ್ಲೇ ಕರೆಯೋದು ನಮ್ಮ ರೂಮಿನ ಪದ್ಧತಿ. ಶುಂಠಿಗೆ ಒಳ್ಳೆ ರೇಟ್ ಸಿಕ್ಕಿದ ವರ್ಷ ಅವನ ಅಪ್ಪ ಒಂದು ಲಕ್ಷ ಎತ್ತಿಟ್ಟಿದ್ದರು. ಷರತ್ತು ಎರಡೇ. ಎಲ್ಲ ಖರ್ಚೂ ಸೇರಿ ಒಂದು ಲಕ್ಷ ದಾಟಬಾರದು. ಮಳೆಗಾಲದಲ್ಲಿ ಮಗ ಬೈಕಲ್ಲಿ ಊರಿಗೆ ಹೊರಟಿದ್ದಾನೆ ಅಂದ್ರೂ ಮನೆಯಲ್ಲಿ ಅಮ್ಮನಿಗೆ ನಿದ್ದೆ ಬರಬೇಕು.

ಮೊದಲನೇ ಷರತ್ತು ಕಷ್ಟ ಅಂದ್ಕೊಂಡಿದ್ವಿ. ನಿಜವಾಗಿ ತಲೆ ತಿಂದಿದ್ದು ಎರಡನೆಯದು.

ಒಂದು ಲಕ್ಷದೊಳಗೆ ಸ್ಪೋರ್ಟ್ಸ್ ಬೈಕ್ ಅಂದ್ರೆ ಸೆಕೆಂಡ್ ಹ್ಯಾಂಡೇ. ನಮ್ಮ ಲಿಸ್ಟಲ್ಲಿ ಮೂರು ಹೆಸರಿತ್ತು: ಯಮಹಾ ಆರ್15 ವಿ3, ಕೆಟಿಎಂ ಆರ್‌ಸಿ 200, ಬಜಾಜ್ ಪಲ್ಸರ್ ಆರ್‌ಎಸ್200. ಕಾಗದದ ಮೇಲೆ ನೋಡಿದ್ರೆ ಆರ್‌ಸಿಗೆ ಸುಮಾರು 25 ಪಿಎಸ್, ಆರ್‌ಎಸ್‌ಗೆ 24.5, ಆರ್15ಗೆ 19.3. ಶಿರಸಿಯವನು ತಕ್ಷಣ ಎಕ್ಸೆಲ್ ಶೀಟ್ ತೆಗೆದ. ಪವರ್, ಮೈಲೇಜ್, ಲುಕ್ಸ್, ರೇಟ್ ಅಂತ ಕಾಲಂ ಹಾಕಿ ಮಾರ್ಕ್ಸ್ ಕೊಟ್ವಿ. ಶೀಟಲ್ಲಿ ಗೆದ್ದಿದ್ದು ಆರ್‌ಸಿ. ಆದರೆ ಶೀಟಲ್ಲಿರೋದು ಕಂಪನಿಯಿಂದ ಹೊರಬಂದ ದಿನದ ಬೈಕ್. ನಾವು ಕೊಳ್ಳಬೇಕಿದ್ದದ್ದು ಆರೇಳು ವರ್ಷ ಯಾರೋ ಓಡಿಸಿದ ಬೈಕ್. ಹಾಗಾಗಿ ಮಾಡೆಲ್ ಆರಿಸೋದಕ್ಕಿಂತ ಆ ಒಂದು ಗಾಡಿಯನ್ನ ಆರಿಸೋದೇ ದೊಡ್ಡ ಕೆಲಸ.

ಮೊದಲು ನೋಡಿದ್ದು ಆರ್‌ಸಿ 200. ಫಳಫಳ ಹೊಳೀತಿತ್ತು, ಸ್ಟಿಕರ್ ಎಲ್ಲ ಹೊಸದು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಅಣ್ಣ ಮಾತ್ರ ಬಣ್ಣದ ಕಡೆ ನೋಡ್ಲೇ ಇಲ್ಲ. ಹ್ಯಾಂಡಲ್ ಅನ್ನ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಅದು ತಾಗಿ ನಿಲ್ಲೋ ಜಾಗಕ್ಕೆ ಟಾರ್ಚ್ ಬಿಟ್ಟರು. ಒಂದು ಕಡೆ ಸ್ಟಾಪರ್ ಜಜ್ಜಿ ಹೋಗಿತ್ತು. ಗಾಡಿ ಜೋರಾಗಿ ಬಿದ್ದಾಗ ಹ್ಯಾಂಡಲ್ ಮುರುಚಿ ಅಲ್ಲಿಗೆ ಬಡಿಯುತ್ತೆ. ಫೇರಿಂಗ್ ಬದಲಾಯಿಸಬಹುದು, ಬಣ್ಣ ಹೊಡೆಸಬಹುದು, ಫ್ರೇಮಿಗೆ ಬಿದ್ದ ಏಟು ಅಲ್ಲೇ ಇರುತ್ತೆ. "ಸರ್, ಗಾಡಿ ಬಿದ್ದಿತ್ತಾ?" ಅಂತ ಕೇಳಿದ್ವಿ. "ಸ್ಟ್ಯಾಂಡಲ್ಲಿದ್ದಾಗ ಒಂದ್ಸಲ ವಾಲಿತ್ತು ಅಷ್ಟೇ" ಅಂದ್ರು. ನಮಸ್ಕಾರ ಹೇಳಿ ಬಂದ್ವಿ.

ಅವತ್ತು ಅಣ್ಣ ಕಲಿಸಿದ್ದನ್ನ ನೋಟ್ಸ್ ಥರ ಬರೆದಿಟ್ಕೊಂಡ್ವಿ. ನೋಡೋಕೆ ಹೋದ ತಕ್ಷಣ ಇಂಜಿನ್ ಪಕ್ಕ ಕೈ ಇಟ್ಟು ನೋಡಬೇಕು. ಬಿಸಿ ಇದ್ರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ. ಸ್ಟಾರ್ಟಿಂಗ್ ತೊಂದರೆ, ಚೈನ್‌ನ ಕಟಕಟ ಸದ್ದು ಎಲ್ಲ ಗೊತ್ತಾಗೋದು ತಣ್ಣಗಿನ ಇಂಜಿನ್‌ನಲ್ಲಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ. ಮುಂದಿನ ಫೋರ್ಕ್ ರಾಡ್ ಮೇಲೆ ಎಣ್ಣೆಯ ಉಂಗುರ ಇದ್ರೆ ಸೀಲ್ ಹೋಗಿದೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ರೆ ಚೈನ್ ಸೆಟ್ಟಿನ ದುಡ್ಡು ರೇಟಲ್ಲಿ ಕಳೀಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಗುಂಡಿ ಎಷ್ಟೇ ಆಳ ಇರಲಿ, ವಯಸ್ಸಾದ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತೆ.

ಎರಡನೆಯದು 2018ರ ಆರ್15 ವಿ3. ಕೇಳಿದ್ದು 78 ಸಾವಿರ. ಮೀಟರ್ 19 ಸಾವಿರ ಕಿಲೋಮೀಟರ್ ಅಂತಿತ್ತು. ಸೀಟ್ ಕೆಳಗೆ ಮಡಚಿಟ್ಟಿದ್ದ ಹಳೇ ಸರ್ವಿಸ್ ಬಿಲ್ಲಲ್ಲಿ 24 ಸಾವಿರ ಅಂತಿತ್ತು! ವರ್ಷ ಕಳೆದಂತೆ ಕಿಲೋಮೀಟರ್ ಇಳಿಯೋ ಬೈಕನ್ನ ನಾವು ಮೊದಲ ಸಲ ನೋಡಿದ್ದು. ಅದಕ್ಕಿಂತ ದೊಡ್ಡ ವಿಷಯ, ಮಾರ್ತಾ ಇದ್ದವರ ಹೆಸರು ಆರ್‌ಸಿಯಲ್ಲಿ ಇರಲಿಲ್ಲ. "ನಾನೂ ಟ್ರಾನ್ಸ್‌ಫರ್ ಮಾಡಿಸಿಲ್ಲ ಕಣ್ರೋ, ಏನೂ ಆಗಲ್ಲ" ಅಂದ್ರು. ಆಗುತ್ತೆ. ಅಪಘಾತವಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ರೂ ಅಷ್ಟೇ. ಅಂದ್ರೆ ಯಾವತ್ತೋ ಮಾರಿದ ಬೈಕಿನ ಕೇಸು ಆ ಮೊದಲ ಮಾಲೀಕರ ಬಾಗಿಲಿಗೆ ಬರಬಹುದು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅನ್ನೋ ನಿಯಮ ಇರೋದೇ ಇದಕ್ಕೆ. ಫಾರ್ಮ್ 29, ಫಾರ್ಮ್ 30. ಸೆಮ್ ಎಗ್ಸಾಮ್ ಫಾರ್ಮ್ ತುಂಬೋದಕ್ಕಿಂತ ಸುಲಭ.

ಅಮ್ಮನ ನಿದ್ದೆಯ ಪ್ರಶ್ನೆ ನಿಜವಾಗಿ ಬಂದಿದ್ದು ಮೂರನೇ ಗಾಡಿಯಲ್ಲಿ. ಅದೂ ಆರ್15 ವಿ3, ಆದರೆ 2019ರದ್ದು. 31 ಸಾವಿರ ಕಿಲೋಮೀಟರ್ ಓಡಿತ್ತು. ಎಡಗಡೆ ಫೇರಿಂಗ್ ಮೇಲೆ ಉದ್ದ ಗೀರು. ಕೇಳಿದ್ದು 92 ಸಾವಿರ. ಜಾಸ್ತಿ ಓಡಿದ, ಗೀರು ಬಿದ್ದ ಗಾಡಿಗೆ ಯಾಕೆ ಜಾಸ್ತಿ ದುಡ್ಡು? ಉತ್ತರ ಎಬಿಎಸ್. 125 ಸಿಸಿ ದಾಟಿದ ಬೈಕ್‌ಗಳಿಗೆಲ್ಲ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯ. ವಿ3ಗೆ ಎರಡೂ ಚಕ್ರದ ಎಬಿಎಸ್ ಬಂದಿದ್ದು 2019ರಲ್ಲಿ. 2018ರದ್ದಕ್ಕೆ ಇಲ್ಲ. ನೋಡೋಕೆ ಎರಡೂ ಒಂದೇ, ಇಂಜಿನ್ ಒಂದೇ, ಫೋಟೋದಲ್ಲಿ ವ್ಯತ್ಯಾಸ ಕಾಣಲ್ಲ.

ಫಸ್ಟ್ ಇಯರ್‌ನಲ್ಲಿ ಓದಿದ ಘರ್ಷಣೆ ಪಾಠ ಇಲ್ಲಿ ಕೆಲಸಕ್ಕೆ ಬಂತು. ಉರುಳ್ತಾ ಇರೋ ಚಕ್ರಕ್ಕೆ ಸಿಗೋ ಹಿಡಿತ, ಲಾಕ್ ಆಗಿ ಜಾರೋ ಚಕ್ರಕ್ಕೆ ಸಿಗಲ್ಲ. ಮುಂದಿನ ಚಕ್ರ ಲಾಕ್ ಆದ್ರೆ ಹ್ಯಾಂಡಲ್ ಇದ್ದೂ ಇಲ್ಲದ ಹಾಗೆ. ಎಬಿಎಸ್‌ನ ಸೆನ್ಸರ್ ಅದನ್ನ ಮೊದಲೇ ಗಮನಿಸಿ, ಸೆಕೆಂಡಿಗೆ ಎಷ್ಟೋ ಸಲ ಬ್ರೇಕ್ ಒತ್ತಡ ಬಿಟ್ಟು ಹಿಡಿದು ಮಾಡುತ್ತೆ. ಮಳೆಯಲ್ಲಿ ಎದುರಿಗೆ ಹಸು ಬಂದಾಗ ನಮಗೆ ಬೇಕಾಗೋದು 25 ಪಿಎಸ್ ಅಲ್ಲ. ಇದನ್ನ ಒಪ್ಕೊಂಡ ಮೇಲೆ ಶಿರಸಿಯವನು ಎಕ್ಸೆಲ್ ಶೀಟಿಗೆ 'ನಿಲ್ಲೋದು' ಅಂತ ಒಂದು ಕಾಲಂ ಸೇರಿಸಿದ. ಆರ್‌ಸಿ ಕೆಳಗಿಳೀತು.

ಎಬಿಎಸ್ ಇದೆ ಅಂದ್ರೆ ಸಾಲದು, ಕೆಲಸ ಮಾಡಬೇಕು. ಕೀ ಆನ್ ಮಾಡಿದಾಗ ಎಬಿಎಸ್ ದೀಪ ಹತ್ತಬೇಕು, ಗಾಡಿ ಸ್ವಲ್ಪ ಮುಂದೆ ಹೋದ್ಮೇಲೆ ಆರಬೇಕು. ಹತ್ತಿಕೊಂಡೇ ಇದ್ರೂ ತೊಂದರೆ, ಹತ್ತದೇ ಇದ್ರೂ ಅನುಮಾನ. ಇದರಲ್ಲಿ ಹತ್ತಿತು, ಆರಿತು. ಗೀರಿನ ಬಗ್ಗೆ ಕೇಳಿದಾಗ ಮಾಲೀಕರು, "ಮರಳಲ್ಲಿ ಜಾರಿ ಬಿದ್ದೆ, ಬಣ್ಣ ಹೊಡೆಸೋಕೆ ಮನಸ್ಸಾಗಲಿಲ್ಲ" ಅಂದ್ರು. ಸ್ಟಾಪರ್ ನೋಡಿದ್ವಿ, ಎರಡೂ ಕಡೆ ಸರಿಯಿತ್ತು. ಎಲ್ಲ ಸರ್ವಿಸ್ ಬಿಲ್ ಫೈಲಲ್ಲಿ ಜೋಡಿಸಿಟ್ಟಿದ್ರು, ಕಿಲೋಮೀಟರ್ ಏರ್ತಾನೇ ಹೋಗಿತ್ತು. ಒಂದೇ ಕೊಕ್ಕೆ: ಲೋನ್ ತೀರಿತ್ತು, ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇತ್ತು. ಫಾರ್ಮ್ 35 ಮತ್ತು ಎನ್‌ಒಸಿ ತಂದು ಅವರು ಅದನ್ನ ತೆಗೆಸೋವರೆಗೆ ಎರಡು ವಾರ ಕಾದ್ವಿ. ಅಡ್ವಾನ್ಸ್ ಎರಡು ಸಾವಿರ ಮಾತ್ರ ಕೊಟ್ಟಿದ್ವಿ.

ಕೊನೆಗೆ 86 ಸಾವಿರಕ್ಕೆ ಮಾತಾಯ್ತು. ಹಿಂದಿನ ಟೈರಿಗೆ 4,200, ಚೈನ್ ಸೆಟ್ಟಿಗೆ 2,600. ಹೊಸ ಬೈಕಿನ ಜೊತೆ ಬರೋ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ 2024ಕ್ಕೇ ಮುಗಿದಿತ್ತು. ಆರ್15 ಇಂಜಿನ್ 155 ಸಿಸಿ. ಹಾಗಾಗಿ 150 ದಾಟಿದ ಗಾಡಿಗಳ ದರ, ಅಂದ್ರೆ 2022ರಲ್ಲಿ ನಿಗದಿಯಾದ ವರ್ಷಕ್ಕೆ 1,366 ರೂಪಾಯಿ, ಮೇಲೆ ಟ್ಯಾಕ್ಸ್. ಆರ್‌ಟಿಒ ಫೀಸೂ ಕಟ್ಟಿ ಉಳಿದ ದುಡ್ಡಲ್ಲಿ ಎರಡು ಹೆಲ್ಮೆಟ್ ತಗೊಂಡ್ವಿ. ಹಿಂದೆ ಕೂರೋರು ನಾವೇ ಅಲ್ವಾ.

ಈಗ ಪಾರ್ಕಿಂಗಲ್ಲಿ ನಿಂತ ಬೈಕ್ ನೋಡಿ ಎಲ್ಲರೂ ಕೇಳೋದು ಎರಡೇ: "ಟಾಪ್ ಸ್ಪೀಡ್ ಎಷ್ಟು?", "ಆ ಗೀರು ಯಾಕೆ ಹಂಗೇ ಬಿಟ್ಟಿದೀರ?" ಹಾಸನದವನ ಅಪ್ಪ ಮಾತ್ರ ಫೋನಲ್ಲಿ ಬೇರೆ ಕೇಳಿದ್ರು: "ಬ್ರೇಕ್ ಹೆಂಗೈತೆ ಮಗ?"

ಅದಕ್ಕೆ ನಮ್ಮ ಹತ್ರ ಉತ್ತರ ಇತ್ತು.