ಡಿ ಅಂದರೆ ಏನು?

ನಾವು ಖಾರಘರಕ್ಕೆ ಮನೆ ಬದಲಾಯಿಸಿದೆವೆಂದು ತಿಳಿಸಿದಾಗ ಊರಿನಲ್ಲಿದ್ದ ನಮ್ಮ ದೊಡ್ಡಮ್ಮ, "ಅದೇನಪ್ಪಾ, ಮನೆ ತುಂಬ ಮೆಣಸಿನಕಾಯಿಯೇ?" ಎಂದು ಕೇಳಿದ್ದರು. ಖಾರವೇನೂ ಇಲ್ಲ, ಎದುರಿಗೆ ಗುಡ್ಡವಿದೆ, ಮಳೆಗಾಲದಲ್ಲಿ ಪಾಂಡವಕಡಾ ಜಲಪಾತವಿದೆ ಎಂದು ಸಮಾಧಾನ ಹೇಳಿದ್ದೆವು. ನಮ್ಮ ಕಣ್ಣಿಗೆ ನಿಜವಾಗಿ ಖಾರ ತಾಗಿದ್ದು ಮೊನ್ನೆ ಮೊನ್ನೆ, ಅದೂ ಕಂಪ್ಯೂಟರಿನ ಮುಂದೆ.

ಸಂಗತಿ ಇಷ್ಟೆ. ನಮ್ಮ ಸಂಘದ ಸದಸ್ಯರ ಯಾದಿ ದಪ್ಪ ರಟ್ಟಿನ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿ ಹಲವು ವರ್ಷಗಳಾದವು. ಆದರೂ ಚಂದಾ ಬಾಕಿ ಇರುವವರಿಗೆ ಕಾರ್ಯದರ್ಶಿಗಳು ಒಂದೊಂದಾಗಿ ಹೆಸರು ಹುಡುಕಿ ಪತ್ರ ಬರೆಯುತ್ತಿದ್ದರು. "ನೀವು ಬ್ಯಾಂಕಿನವರು, ಯಂತ್ರವೇ ತಾನಾಗಿ ಬರೆಯುವ ಹಾಗೆ ಮಾಡಿಕೊಡಿ" ಎಂದರು. ನಾವು ಹಿಗ್ಗಿದೆವು. 1984ರ ರಂಗರಾಜನ್ ಸಮಿತಿಯ ವರದಿಯ ಬಳಿಕ ಬ್ಯಾಂಕುಗಳಿಗೆ ಲೆಡ್ಜರ್ ಯಂತ್ರಗಳು ಬಂದಾಗ ಅವುಗಳ ಮುಂದೆ ಕುಳಿತವರಲ್ಲಿ ನಾವೂ ಒಬ್ಬರು. ನಿವೃತ್ತಿಯ ಹೊತ್ತಿಗೆ ಎಸ್‌ಕ್ಯೂಎಲ್ ಕೂಡ ನಾಲ್ಕಕ್ಷರ ಬರುತ್ತಿತ್ತು.

ಶನಿವಾರ ರಾತ್ರಿ ಊಟ ಮುಗಿಸಿ ಸ್ಕ್ರಿಪ್ಟು ಬರೆಯಲು ಕುಳಿತೆವು. 'ಸ್ಥಿತಿ' ಎಂಬ ಕಾಲಮ್ಮಿನಲ್ಲಿ ಡಿ ಎಂದಿರುವವರಿಗೆಲ್ಲ ಪತ್ರ ಹೋಗಬೇಕು. ಡಿ ಎಂದರೆ ಡ್ಯೂ. ಬ್ಯಾಂಕಿನವರಿಗೆ ಬೇರೆ ಅರ್ಥ ಹೊಳೆದೀತೇ? ಐರೋಲಿಯ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡುವ ಮಗಳು ನೀರು ಕುಡಿಯಲು ಬಂದವಳು ಹೆಗಲ ಮೇಲಿಂದ ಇಣುಕಿದಳು.

"ಅಪ್ಪಾ, ಟೇಬಲ್ಲಿನ ರಚನೆ ನೋಡಿದೆಯಾ?"

"ನೋಡುವುದೇನು? ನಮ್ಮ ಸಂಘದ್ದೇ ಅಲ್ಲವೇ!"

"ಡಿಸ್ಕ್ರೈಬ್ ಹೊಡಿ ಮೊದಲು. ಆಮೇಲೆ ನಾಲ್ಕು ಸಾಲು ತೆಗೆದು ಓದು. ಬರೆಯುವುದೆಲ್ಲ ಕಡೆಗೆ."

ಮೈಎಸ್‌ಕ್ಯೂಎಲ್‌ನಲ್ಲಿ ಡಿಸ್ಕ್ರೈಬ್ ಎಂದು ಬರೆದು ಟೇಬಲ್ಲಿನ ಹೆಸರು ಕೊಟ್ಟರೆ ಅದು ತನ್ನ ಜಾತಕವನ್ನೇ ಮುಂದಿಡುತ್ತದೆ: ಕಾಲಮ್ಮಿನ ಹೆಸರು, ಅದರ ಜಾತಿ (ಅಂಕಿಯೋ, ಅಕ್ಷರವೋ, ತಾರೀಖೋ ಎಂದಷ್ಟೇ ಅರ್ಥ, ವಧೂವರರ ಅಂಕಣವಲ್ಲ), ಖಾಲಿ ಬಿಡಬಹುದೇ, ಗುರುತಿನ ಕೀಲಿ ಯಾವುದು, ಏನೂ ತುಂಬದಿದ್ದರೆ ತಾನಾಗಿ ಏನು ಬೀಳುತ್ತದೆ, ಹೀಗೆ.

ನೋಡಿದರೆ ಸೆಕ್ಟರಿನ ಕಾಲಮ್ಮು ಬರೀ ಅಂಕಿ! ಮಾಹಿತಿಯನ್ನು ಟೇಬಲ್ಲುಗಳಲ್ಲಿ ಜೋಡಿಸುವ ಈ ಪದ್ಧತಿಯನ್ನು ಎಡ್ಗರ್ ಕಾಡ್ ಎಂಬುವರು ಪ್ರಬಂಧ ಬರೆದು ಲೋಕಕ್ಕೆ ತಿಳಿಸಿದ್ದು 1970ರಲ್ಲಿ. ನವಿಮುಂಬಯಿಯನ್ನು ಕಟ್ಟಿದ ಸಿಡ್ಕೋ ಹುಟ್ಟಿದ್ದೂ ಅದೇ ವರ್ಷ. ಎರಡಕ್ಕೂ ಎಲ್ಲವನ್ನೂ ಚೌಕದೊಳಗೆ ಕೂರಿಸುವ ಹುಚ್ಚು. ಆದರೆ ಖಾರಘರದಲ್ಲಿ ಸೆಕ್ಟರ್ 35 ಎಂದರೆ ಸಾಲದು; 35ಡಿ, 35ಇ ಎಂದು ಬಾಲಗಳಿವೆ. ನಮ್ಮ ಟೇಬಲ್ಲು ಆ ಬಾಲ ಕತ್ತರಿಸಿ ಎಲ್ಲರನ್ನೂ 35ರಲ್ಲಿ ಕೂಡಿಹಾಕಿತ್ತು. ಪತ್ರಿಕೆ ಬರುತ್ತಿಲ್ಲವೆಂದು ಆ ಕಡೆಯವರು ದೂರಿದಾಗಲೆಲ್ಲ ನಾವು ಪಾಪ, ಅಂಚೆಯವರನ್ನು ಬೈದಿದ್ದೆವು.

ಹೆಸರಿನ ಕಾಲಮ್ಮಿಗೆ 12 ಅಕ್ಷರಗಳ ಮಿತಿ. ಲಕ್ಷ್ಮೀನಾರಾಯಣ ಎಂಬುದು ನಮ್ಮ ಶಾಲೆಯ ಲೆಕ್ಕದಲ್ಲಿ 6 ಅಕ್ಷರ. ಕಂಪ್ಯೂಟರು ಒತ್ತು, ದೀರ್ಘಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ 13 ಎನ್ನುತ್ತದೆ. ಹಾಗಾಗಿ ನಮ್ಮ ಹಿರಿಯ ಸದಸ್ಯರೊಬ್ಬರು ಇಷ್ಟು ಕಾಲ 'ಲಕ್ಷ್ಮೀನಾರಾಯ' ಆಗಿದ್ದರು. ಸಂಕೋಚದ ಮನುಷ್ಯ, ಒಮ್ಮೆಯೂ ಹೇಳಿದವರಲ್ಲ.

"ಈಗ ಆ ಸ್ಥಿತಿ ಕಾಲಮ್ಮನ್ನು ಗ್ರೂಪ್ ಬೈ ಹಾಕಿ ಎಣಿಸು" ಎಂದಳು ಮಗಳು. ಎ ಅಂದರೆ ಚಾಲ್ತಿಯಲ್ಲಿರುವವರು, ಎಲ್ ಅಂದರೆ ಆಜೀವ ಸದಸ್ಯರು, ಕೆಲವು ಖಾಲಿ. ಡಿ ಮೂವತ್ತೇಳು. ಆ ಮೂವತ್ತೇಳು ಹೆಸರುಗಳನ್ನು ತೆರೆದೆವು. ಮೂರನೆಯ ಹೆಸರು ನಮ್ಮ ಗೆಳೆಯರದು.

ಹದಿನೆಂಟು ವರ್ಷ ಹಾರ್ಬರ್ ಲೈನಿನ ಲೋಕಲಿನಲ್ಲಿ ನಮಗೆ ಸೀಟು ಹಿಡಿದಿಟ್ಟವರು. 2021ರ ಏಪ್ರಿಲಿನಲ್ಲಿ ಕೋವಿಡ್‌ನಿಂದ ಹೋದರು. ಕೊನೆಯ ಸಲ ಮುಖ ನೋಡುವುದಕ್ಕೂ ನಮಗಾಗಿರಲಿಲ್ಲ. ಆಗತಾನೆ ಬರೆದಿಟ್ಟಿದ್ದ ಪತ್ರದ ಒಕ್ಕಣೆ ಪರದೆಯ ಇನ್ನೊಂದು ಮೂಲೆಯಲ್ಲೇ ಇತ್ತು: ತಮ್ಮ ಚಂದಾ ಬಾಕಿ ಇದ್ದು, ಈ ತಿಂಗಳೊಳಗೆ ಪಾವತಿಸದಿದ್ದಲ್ಲಿ ಸದಸ್ಯತ್ವ ರದ್ದಾಗುವುದು. ಅದನ್ನು ಒಡೆದು ಓದಬೇಕಾಗಿದ್ದವರು ಅವರ ಮನೆಯವರು. ಮಗಳು ಏನೂ ಅನ್ನದೆ ನೀರಿನ ಲೋಟವನ್ನು ನಮ್ಮ ಪಕ್ಕಕ್ಕಿಟ್ಟಳು.

ಮಾರನೆಯ ದಿನ ವಿಚಾರಿಸಿದೆವು. ಮೊದಲು ರಿಜಿಸ್ಟರು ಇಳಿಸಿದ ಹುಡುಗ ಈಗ ಪುಣೆಯಲ್ಲಿದ್ದಾನೆ. "ಡಿ ಅಂದರೆ ಡ್ಯೂ ಅಲ್ಲವೇ ಅಂಕಲ್?" ಎಂದ. ಅವನ ನಂತರ ಆ ಕೆಲಸ ವಹಿಸಿಕೊಂಡ ಸಹೋದರಿ, "ಡಿ ಅಂದರೆ ದಿವಂಗತ ಅಂತಲೇ ಹಾಕಿದ್ದೆ" ಎಂದರು. ಇಬ್ಬರದೂ ತಪ್ಪಲ್ಲ. ಒಂದೇ ಅಕ್ಷರ ಹಿಡಿಯುವ ಕಾಲಮ್ಮಿಗೆ ಅಕ್ಷರ ಗೊತ್ತು, ಅದರ ಹಿಂದಿನ ಅರ್ಥ ಅದಕ್ಕೆಲ್ಲಿ ಗೊತ್ತು? ಅರ್ಥ ಇದ್ದದ್ದು ಆ ಇಬ್ಬರ ತಲೆಯಲ್ಲಿ, ಅವರನ್ನು ನಾವು ಕೇಳಿರಲಿಲ್ಲ.

ಮೂವತ್ತೇಳು ಮನೆಗಳಿಗೂ ಫೋನು ಮಾಡಲಾರಂಭಿಸಿದೆವು. ಹೇಗೆ ಶುರು ಮಾಡುವುದೆಂಬುದೇ ಕಷ್ಟ. ನೆರೂಳಿನ ಒಬ್ಬರು ನಮ್ಮ ತಡವರಿಕೆ ಕೇಳಿ, "ಇದ್ದೇನೆ ಸ್ವಾಮೀ, ಚಂದಾ ಮಾತ್ರ ಕೊಟ್ಟಿಲ್ಲ" ಎಂದು ಗಟ್ಟಿಯಾಗಿ ನಕ್ಕುಬಿಟ್ಟರು.

ಗೆಳೆಯರ ಮನೆಗೆ ಫೋನು ಮಾಡಲು ಮನಸ್ಸಾಗದೆ ಸೆಕ್ಟರ್ 12ಕ್ಕೆ ನಡೆದೇ ಹೋದೆವು. ಅವರ ಮನೆಯವರು ಕಾಫಿ ಕೊಟ್ಟರು. ಟೀಪಾಯಿಯ ಕೆಳಗೆ ನಮ್ಮ ಪತ್ರಿಕೆಯ ಸಂಚಿಕೆಗಳು ತಿಂಗಳವಾರು ಜೋಡಿಸಿದ್ದವು. ಯಾದಿ ಸರಿಪಡಿಸುತ್ತಿದ್ದೇವೆ ಎಂದೆವು.

"ಅಣ್ಣಾ, ಪತ್ರಿಕೆ ಅವರ ಹೆಸರಿಗೇ ಬರುತ್ತಿದೆ. ಅದನ್ನು ಬದಲಾಯಿಸಬೇಡಿ. ಚಂದಾ ನಾನು ಕಟ್ಟುತ್ತೇನೆ."

"ಹಾಗಾದರೆ ಅವರು ಡಿಯೋ, ಎಯೋ?" ಎಂದಳು ರಾತ್ರಿ ಮಗಳು. ಹಳೆಯ ಡಿಯನ್ನು ಕಿತ್ತು 'ಬಾಕಿ', 'ದಿವಂಗತ' ಎಂದು ಪೂರ್ತಿ ಪದ ಬರೆದೆವು. 'ಪತ್ರಿಕೆ ಯಾರ ಹೆಸರಿಗೆ', 'ಚಂದಾ ಯಾರಿಂದ' ಎಂಬ ಎರಡು ಹೊಸ ಕಾಲಮ್ಮು ಸೇರಿಸಿದೆವು. ಸೆಕ್ಟರಿಗೆ ಅಕ್ಷರ ಸಲ್ಲುವಂತಾಯಿತು, ಲಕ್ಷ್ಮೀನಾರಾಯಣರಿಗೆ ಣಕಾರ ಮರಳಿತು.

ಸ್ಕ್ರಿಪ್ಟು ಎಲ್ಲಿಗೆ ಬಂತೆಂದು ಕಾರ್ಯದರ್ಶಿಗಳು ನಿನ್ನೆಯೂ ಕೇಳಿದರು. ಇನ್ನೂ ನಾಲ್ಕು ಮನೆಗಳ ಫೋನು ಬಾಕಿ ಇದೆ ಎಂದೆವು.